ಮುನ್ಸೂಚನೆ ನೀಡದ ‘ಲೋ ಶುಗರ್’: ಟೈಪ್ 1 ಮಧುಮೇಹಿಗಳೂ ಮನೆಯವರೂ ತಿಳಿಯಬೇಕಾದುದು

ಅರಸೀಕೆರೆ ಸೀಮೆಯ ತೆಂಗಿನ ತೋಟವೊಂದರಲ್ಲಿ ಬೆಳಗಿನಿಂದ ಕಾಯಿ ಸುಲಿಯುತ್ತಿದ್ದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಅವನ ಮಾತು ತೊದಲುತ್ತದೆ. ಕರೆದರೆ ಸಿಡುಕುತ್ತಾನೆ. ಕೈಯಲ್ಲಿದ್ದ ಕೆಲಸ ಮರೆತು ನಿಂತಲ್ಲೇ ನಿಲ್ಲುತ್ತಾನೆ. ‘ಬೆಳಿಗ್ಗೆಯೇ ಕುಡಿದಿದ್ದಾನೆ’ ಎಂದು ಜೊತೆಯವರು ನಗುತ್ತಾರೆ. ಅವನು ಕುಡಿದಿಲ್ಲ. ಬಾಲ್ಯದಿಂದಲೂ ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವ ಅವನ ರಕ್ತದಲ್ಲಿ ಸಕ್ಕರೆಯ ಅಂಶ ಅಪಾಯದ ಮಟ್ಟಕ್ಕೆ ಇಳಿದಿದೆ. ವಿಶೇಷವೆಂದರೆ, ಹೀಗಾಗುತ್ತಿದೆ ಎಂಬುದು ಸ್ವತಃ ಅವನಿಗೇ ಗೊತ್ತಾಗಿಲ್ಲ. ಕೆಲವು ವರ್ಷಗಳ ಹಿಂದೆ ಸಕ್ಕರೆ ಇಳಿದೊಡನೆ ಕೈ ನಡುಗಿ, ಬೆವರು ಕಿತ್ತು ಬರುತ್ತಿತ್ತು. ಈಗ ಅದಾವುದೂ ಇಲ್ಲ.

ಇದು ಕಲ್ಪಿತ ಪ್ರಸಂಗವಾದರೂ ಅಪರೂಪದ್ದಲ್ಲ. ಟೈಪ್ 1 ಮಧುಮೇಹ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಂದ ನಾಲ್ವರಲ್ಲಿ ಒಬ್ಬರವರೆಗೆ ಸಕ್ಕರೆ ಕುಸಿತದ ಅರಿವು ಕುಂದಿರುತ್ತದೆ ಎಂದು ವಿವಿಧ ದೇಶಗಳ ಅಧ್ಯಯನಗಳು ತೋರಿಸಿವೆ. ಇಂಥವರು ಪ್ರಜ್ಞೆ ತಪ್ಪುವ ಅಥವಾ ಇತರರ ನೆರವು ಬೇಕಾಗುವಷ್ಟು ತೀವ್ರ ಕುಸಿತಕ್ಕೆ ಒಳಗಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ‘ನನಗೆ ಲೋ ಆದರೂ ಏನೂ ಆಗುವುದಿಲ್ಲ, ಅಭ್ಯಾಸವಾಗಿದೆ’ ಎಂದು ಹೇಳುವವರುಂಟು. ಅದು ದೇಹ ಗಳಿಸಿದ ತಾಳಿಕೆಯಲ್ಲ, ದೇಹ ಕಳೆದುಕೊಂಡ ಎಚ್ಚರಿಕೆಯ ಗಂಟೆ. ಸಮಾಧಾನದ ಸಂಗತಿಯೆಂದರೆ, ಕಳೆದುಹೋದ ಈ ಅರಿವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದು.

ಯಾವುದು ಕುಸಿತ?

ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅದನ್ನು ಹೈಪೊಗ್ಲೈಸೀಮಿಯಾ, ಅಂದರೆ ಸಕ್ಕರೆ ಕುಸಿತ ಎಂದು ಪರಿಗಣಿಸಲಾಗುತ್ತದೆ. ಇದು ಎಚ್ಚರಿಕೆಯ ಹಂತ. 54 ಮಿಲಿಗ್ರಾಂಗಿಂತ ಕೆಳಗಿಳಿದರೆ ಗಂಭೀರ ಹಂತ. ಅಂಕಿ ಎಷ್ಟೇ ಇರಲಿ, ರೋಗಿ ತನ್ನನ್ನು ತಾನು ನೋಡಿಕೊಳ್ಳಲಾಗದೆ ಮತ್ತೊಬ್ಬರ ಸಹಾಯ ಬೇಕಾದರೆ ಅದು ತೀವ್ರ ಕುಸಿತ.

ಟೈಪ್ 1 ಮಧುಮೇಹವು ಸಿಹಿ ಹೆಚ್ಚು ತಿಂದುದರಿಂದ ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಉತ್ಪಾದಿಸುವ ಕೋಶಗಳನ್ನು ನಾಶ ಮಾಡುವುದರಿಂದ ಬರುತ್ತದೆ. ಮಕ್ಕಳಲ್ಲಿ ಹಾಗೂ ಹರೆಯದವರಲ್ಲಿ ಹೆಚ್ಚಾಗಿ ಕಂಡುಬಂದರೂ ಯಾವ ವಯಸ್ಸಿನಲ್ಲಿಯೂ ಕಾಣಿಸಿಕೊಳ್ಳಬಹುದು. ಇವರಿಗೆ ಇನ್ಸುಲಿನ್ ಬಿಟ್ಟರೆ ಬದುಕಿಲ್ಲ. ಆದರೆ ಹೊರಗಿನಿಂದ ಚುಚ್ಚಿದ ಇನ್ಸುಲಿನ್‌ಗೆ ರೋಗಿ ಊಟ ಮಾಡಿದ್ದಾನೋ ಇಲ್ಲವೋ, ಗದ್ದೆಯಲ್ಲಿ ದುಡಿದಿದ್ದಾನೋ ಮಲಗಿದ್ದಾನೋ ಎಂಬುದು ತಿಳಿಯದು. ಅದು ತನ್ನ ಕೆಲಸ ಮಾಡುತ್ತಲೇ ಹೋಗುತ್ತದೆ. ಕುಸಿತದ ಮೂಲ ಇಲ್ಲಿದೆ.

ದೇಹದ ಮೂರು ಕಾವಲುಗಾರರು

ಮೆದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಆ ಶಕ್ತಿಯ ಮುಖ್ಯ ಮೂಲ ಗ್ಲುಕೋಸ್. ಆದಕಾರಣ ರಕ್ತದ ಸಕ್ಕರೆ ಇಳಿಯದಂತೆ ಆರೋಗ್ಯವಂತರ ದೇಹ ಒಂದರ ಹಿಂದೆ ಒಂದರಂತೆ ಕಾವಲು ಇಟ್ಟುಕೊಂಡಿರುತ್ತದೆ.

ಸಕ್ಕರೆ 80ರ ಆಸುಪಾಸಿಗೆ ಬಂದಾಗಲೇ ಇನ್ಸುಲಿನ್ ಸ್ರವಿಸುವುದು ತಗ್ಗುತ್ತದೆ. ಇದು ಮೊದಲ ಕಾವಲು. 65ರಿಂದ 70ರ ನಡುವೆ ಗ್ಲುಕಗಾನ್ ಎಂಬ ಹಾರ್ಮೋನು ಹೊರಬಂದು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಇದು ಎರಡನೆಯದು. ಹೆಚ್ಚುಕಡಿಮೆ ಅದೇ ಹಂತದಲ್ಲಿ ಅಡ್ರಿನಲಿನ್ ಏರುತ್ತದೆ. ಇದು ಮೂರನೆಯದು. ಕುಸಿತ ಮುಂದುವರಿದರೆ ಕೈ ನಡುಕ, ಎದೆಬಡಿತ, ಬೆವರು, ತೀವ್ರ ಹಸಿವು, ತುಟಿಯ ಸುತ್ತ ಜುಮ್ಮೆನ್ನುವಿಕೆ ಕಾಣಿಸಿಕೊಂಡು ಮನುಷ್ಯ ಆಹಾರ ಹುಡುಕುವಂತೆ ಮಾಡುತ್ತವೆ. ಸಕ್ಕರೆ 50ರ ಕೆಳಗೆ ಇಳಿದಂತೆ ಮೆದುಳೇ ಸೊರಗತೊಡಗುತ್ತದೆ. ಗೊಂದಲ, ತೊದಲು ಮಾತು, ಮಸುಕು ದೃಷ್ಟಿ, ವಿಚಿತ್ರ ವರ್ತನೆ, ಕೊನೆಗೆ ಫಿಟ್ಸ್ ಮತ್ತು ಪ್ರಜ್ಞಾಹೀನತೆ ಬರುತ್ತವೆ.

ಈ ಕ್ರಮವನ್ನು ಗಮನಿಸಬೇಕು. ಮೊದಲು ಎಚ್ಚರಿಕೆ, ಆಮೇಲೆ ಮೆದುಳಿಗೆ ಪೆಟ್ಟು. ಎಚ್ಚರಿಕೆ ಬಂದಾಗ ಬುದ್ಧಿ ಸ್ವಾಧೀನದಲ್ಲಿರುವುದರಿಂದ ರೋಗಿ ಒಂದು ಹಿಡಿ ಸಕ್ಕರೆ ತಿಂದು ಪಾರಾಗುತ್ತಾನೆ.

ಕಾವಲು ತಪ್ಪುವುದು ಹೇಗೆ?

ಟೈಪ್ 1 ಮಧುಮೇಹಿಗಳಲ್ಲಿ ಮೊದಲ ಕಾವಲು ಇಲ್ಲವೇ ಇಲ್ಲ. ಚುಚ್ಚಿಕೊಂಡ ಇನ್ಸುಲಿನ್ ಅನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಕಾಯಿಲೆ ಪತ್ತೆಯಾದ ಕೆಲವೇ ವರ್ಷಗಳಲ್ಲಿ ಹೆಚ್ಚಿನವರಲ್ಲಿ ಎರಡನೆಯ ಕಾವಲೂ ಹೋಗುತ್ತದೆ. ಸಕ್ಕರೆ ಇಳಿದರೂ ಗ್ಲುಕಗಾನ್ ಹೊರಬರುವುದಿಲ್ಲ. ಉಳಿಯುವುದು ಅಡ್ರಿನಲಿನ್ ಒಂದೇ. ಪದೇ ಪದೇ ಸಕ್ಕರೆ ಕುಸಿದರೆ ಅದೂ ಮಂಕಾಗುತ್ತದೆ. 65ರಲ್ಲಿ ಬಡಿಯುತ್ತಿದ್ದ ಎಚ್ಚರಿಕೆಯ ಗಂಟೆ 55ಕ್ಕೆ, ಮುಂದೆ 45ಕ್ಕೆ ಇಳಿಯುತ್ತದೆ. ಆದರೆ ಮೆದುಳು 50ರ ಸುಮಾರಿಗೇ ತಡವರಿಸುತ್ತದೆ. ಹೀಗೆ ಕ್ರಮ ತಿರುಗುಮುರುಗಾಗುತ್ತದೆ. ಎಚ್ಚರಿಕೆ ಬರುವ ಮೊದಲೇ ಬುದ್ಧಿ ಮಸುಕಾಗಿರುತ್ತದೆ, ಸಕ್ಕರೆ ತಿನ್ನಬೇಕೆಂಬ ವಿವೇಕವೇ ಉಳಿದಿರುವುದಿಲ್ಲ.

ಇದೊಂದು ವಿಷವರ್ತುಲ. ಒಂದು ಕುಸಿತ ಮುಂದಿನ ಕುಸಿತದ ಅರಿವನ್ನು ಕುಂದಿಸುತ್ತದೆ, ಕುಂದಿದ ಅರಿವು ಮತ್ತಷ್ಟು ಕುಸಿತಗಳಿಗೆ ದಾರಿ ಮಾಡಿಕೊಡುತ್ತದೆ. ನಿದ್ದೆಯಲ್ಲಿ ಆಗುವ ಕುಸಿತಗಳು ಯಾರ ಲೆಕ್ಕಕ್ಕೂ ಸಿಗದೆ ಈ ವರ್ತುಲವನ್ನು ಬೆಳೆಸುತ್ತವೆ. ಬಹಳ ವರ್ಷಗಳಿಂದ ಕಾಯಿಲೆ ಇರುವವರು, ವಯಸ್ಸಾದವರು, ಸಕ್ಕರೆಯನ್ನು ಅತಿ ಬಿಗಿಯಾಗಿ ಇಟ್ಟುಕೊಳ್ಳಲು ಹೆಣಗುವವರು ಮತ್ತು ಮದ್ಯಪಾನಿಗಳು ಹೆಚ್ಚು ಅಪಾಯದಲ್ಲಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ನಡುಕ, ಎದೆಬಡಿತಗಳನ್ನು ಮರೆಮಾಚಬಲ್ಲವು.

ಸಂಶೋಧನೆಯ ಹಾದಿ

ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಇನ್ಸುಲಿನ್ ಪತ್ತೆಯಾಯಿತು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ ಕೊಡಲಾಯಿತು. ಇನ್ಸುಲಿನ್‌ನೊಂದಿಗೇ ಸಕ್ಕರೆ ಕುಸಿತವೂ ವೈದ್ಯರ ಅನುಭವಕ್ಕೆ ಬಂದಿತು. ವರ್ಷಗಳು ಕಳೆದಂತೆ ಕುಸಿತದ ಲಕ್ಷಣಗಳು ಬದಲಾಗುತ್ತವೆ ಎಂಬುದನ್ನು ಸ್ವತಃ ಮಧುಮೇಹಿಯಾಗಿದ್ದ ಬ್ರಿಟಿಷ್ ವೈದ್ಯ ಆರ್.ಡಿ. ಲಾರೆನ್ಸ್ 1941ರಲ್ಲಿಯೇ ದಾಖಲಿಸಿದ್ದರು.

ಅಮೆರಿಕ ಮತ್ತು ಕೆನಡಾದಲ್ಲಿ 1,441 ಟೈಪ್ 1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಬಿಗಿಯಾಗಿ ನಿಯಂತ್ರಿಸಿದರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಗಣನೀಯವಾಗಿ ತಗ್ಗುತ್ತದೆ ಎಂದು ಅದು ಸಾಬೀತುಪಡಿಸಿತು. ಜೊತೆಗೆ ತೀವ್ರ ಕುಸಿತಗಳು ಸುಮಾರು ಮೂರು ಪಟ್ಟಾದುದನ್ನೂ ತೋರಿಸಿತು. ನಿಯಂತ್ರಣ ಬೇಕು, ಆದರೆ ಕುಸಿತದ ಬೆಲೆ ತೆತ್ತಲ್ಲ ಎಂಬ ಪ್ರಶ್ನೆ ಅಂದಿನಿಂದ ಮುನ್ನೆಲೆಗೆ ಬಂದಿತು.

ಅರಿವು ಕುಂದುವ ಬಗೆಯನ್ನು ಬಿಡಿಸಿಟ್ಟವರಲ್ಲಿ ಅಮೆರಿಕದ ಫಿಲಿಪ್ ಕ್ರೈಯರ್ ಪ್ರಮುಖರು. ಮಧುಮೇಹವೇ ಇಲ್ಲದ ಆರೋಗ್ಯವಂತರಲ್ಲಿಯೂ ಒಂದು ಮಧ್ಯಾಹ್ನದ ಕುಸಿತವು ಮರುದಿನ ಬೆಳಗಿನ ಕುಸಿತದ ಲಕ್ಷಣಗಳನ್ನು ಮಂಕಾಗಿಸುತ್ತದೆ ಎಂದು ಸೈಮನ್ ಹೆಲರ್ ಮತ್ತು ಕ್ರೈಯರ್ 1991ರಲ್ಲಿ ತೋರಿಸಿದರು. ಹಾಗಾದರೆ ಕುಸಿತವನ್ನೇ ತಪ್ಪಿಸಿದರೆ? 1993 ಮತ್ತು 1994ರಲ್ಲಿ ಇಟಲಿ, ಬ್ರಿಟನ್, ಅಮೆರಿಕದ ಸಂಶೋಧಕರು ಇದಕ್ಕೆ ಉತ್ತರ ಕಂಡುಕೊಂಡರು. ಕೆಲವು ವಾರಗಳ ಕಾಲ ಕುಸಿತವನ್ನು ಕಟ್ಟುನಿಟ್ಟಾಗಿ ತಪ್ಪಿಸಿದಾಗ ದೀರ್ಘಕಾಲದ ರೋಗಿಗಳಲ್ಲಿಯೂ ಲಕ್ಷಣಗಳ ಅರಿವು ಮರಳಿತು.

ಕರ್ನಾಟಕದ ಚಿತ್ರ

ಟೈಪ್ 1 ಮಧುಮೇಹ ಪಾಶ್ಚಾತ್ಯರ ಕಾಯಿಲೆ ಎಂಬ ಭಾವನೆ ಹಿಂದೆ ಇತ್ತು. ಕರ್ನಾಟಕ ಮಧುಮೇಹ ನೋಂದಣಿಯ 1995ರಿಂದ 2008ರವರೆಗಿನ ಮಾಹಿತಿ ಈ ಭಾವನೆಯನ್ನು ತಿದ್ದಿತು. ಅದರ ಪ್ರಕಾರ ಪ್ರತಿ ಲಕ್ಷ ಬಾಲಕರಲ್ಲಿ 3.7 ಹಾಗೂ ಪ್ರತಿ ಲಕ್ಷ ಬಾಲಕಿಯರಲ್ಲಿ 4 ಹೊಸ ಪ್ರಕರಣಗಳು ಕಂಡುಬಂದಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಳೆಯ ವಯಸ್ಸಿನ ಮಧುಮೇಹಿಗಳ ರಾಷ್ಟ್ರೀಯ ನೋಂದಣಿಯನ್ನು 2006ರಲ್ಲಿ ಆರಂಭಿಸಿತು. ಟೈಪ್ 1 ಮಧುಮೇಹದ ಆರೈಕೆಗೆಂದೇ 2022ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ 2 ಲಕ್ಷಕ್ಕೂ ಹೆಚ್ಚು ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ. ಯಾವ ದೇಶದಲ್ಲಿಯೂ ಈ ಸಂಖ್ಯೆ ಇಷ್ಟಿಲ್ಲ. ಈ ಮಕ್ಕಳು ಬೆಳೆದು ದೊಡ್ಡವರಾದಂತೆ, ಇನ್ಸುಲಿನ್‌ನೊಂದಿಗೆ ಹತ್ತಿಪ್ಪತ್ತು ವರ್ಷ ಕಳೆದವರ ಸಂಖ್ಯೆಯೂ ಬೆಳೆಯುತ್ತದೆ. ಅರಿವು ಕುಂದುವ ಸಮಸ್ಯೆ ಹೆಚ್ಚಾಗಿ ಕಾಡುವುದು ಇಂಥವರನ್ನೇ.

ನಮ್ಮ ಊರುಗಳಲ್ಲಿ ಅಪಾಯ ಎಲ್ಲಿದೆ?

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳ ದಿನಚರಿಯನ್ನೇ ನೋಡೋಣ. ಅರಸೀಕೆರೆ ತೆಂಗು ಮತ್ತು ಕೊಬ್ಬರಿಯ ನಾಡು. ಬೇಲೂರಿನ ಸುತ್ತ ಕಾಫಿ, ಶುಂಠಿ, ಮುಸುಕಿನ ಜೋಳದ ದುಡಿಮೆ. ಕಷ್ಟದ ಮೈಕೆಲಸ ಆ ಹೊತ್ತಿನಲ್ಲಿ ಮಾತ್ರವಲ್ಲ, ಅನಂತರ ಹನ್ನೆರಡು ಗಂಟೆಗೂ ಮೀರಿ ರಕ್ತದ ಸಕ್ಕರೆಯನ್ನು ಇಳಿಸುತ್ತಿರುತ್ತದೆ. ಹಗಲು ತೋಟದಲ್ಲಿ ದುಡಿದವನಿಗೆ ನಡುರಾತ್ರಿ ಎರಡು ಗಂಟೆಗೆ ಕುಸಿತವಾಗುವುದು ಇದರಿಂದಲೇ. ಕುಸಿತದ ಅರಿವು ಇಲ್ಲದವರು ತೆಂಗಿನಮರ ಏರುವುದು, ಒಬ್ಬರೇ ಕೆರೆ ಬಾವಿಗಿಳಿಯುವುದು ಸಲ್ಲದು.

ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇಗುಲಗಳು ಸೋಮನಾಥಪುರದ ದೇಗುಲದೊಂದಿಗೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಂಗಳೂರು, ಮೈಸೂರುಗಳಿಂದ ಒಂದೇ ದಿನದ ಪ್ರವಾಸಕ್ಕೆ ಬರುವವರು ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು ಹೊರಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ಶಿಲ್ಪ ನೋಡುತ್ತ ಊಟದ ಹೊತ್ತು ಮೀರಿಸುವುದುಂಟು. ಮದುವೆಮನೆಯಲ್ಲಿಯೂ ಇದೇ ಕಥೆ. ‘ಇನ್ನೇನು ಎಲೆ ಹಾಕುತ್ತಾರೆ’ ಎಂದು ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಪಂಕ್ತಿ ಒಂದು ಗಂಟೆ ತಡವಾದರೆ ಅಪಾಯ ಕಾದಿರುತ್ತದೆ. ಎಲೆಗೆ ಅನ್ನ ಬಿದ್ದ ಮೇಲೆಯೇ ಚುಚ್ಚಿಕೊಳ್ಳುವುದು ಇಂಥಲ್ಲಿ ಕ್ಷೇಮ. ಏಕಾದಶಿ, ಶಿವರಾತ್ರಿಯ ಉಪವಾಸ ಮಾಡಲೇಬೇಕೆನ್ನುವವರು ವೈದ್ಯರನ್ನು ಮೊದಲೇ ಕಂಡು ಇನ್ಸುಲಿನ್ ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ತಾವಾಗಿಯೇ ಇನ್ಸುಲಿನ್ ಪೂರ್ತಿ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಸಿರಿಂಜಿನ ವಿಷಯದಲ್ಲಿ ಆಗುವ ಪ್ರಮಾದ ಬೇರೆಯೇ ಬಗೆಯದು. ನಮ್ಮಲ್ಲಿ ಇನ್ಸುಲಿನ್ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಮಾರಾಟವಾಗುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ಬೇಕಾದುದಕ್ಕಿಂತ ಎರಡೂವರೆ ಪಟ್ಟು ಔಷಧ ದೇಹ ಸೇರುತ್ತದೆ. ಬಾಟಲಿಯ ಮೇಲಿನ ಅಂಕಿಗೂ ಸಿರಿಂಜಿನ ಅಂಕಿಗೂ ತಾಳೆ ನೋಡದೆ ಚುಚ್ಚಬಾರದು. ಬಿಸಿಲಿಗೆ ಸಿಕ್ಕಿ ಸತ್ವ ಕಳೆದುಕೊಂಡ ಇನ್ಸುಲಿನ್ ಬಳಸುತ್ತ ಪ್ರಮಾಣ ಏರಿಸಿಕೊಂಡವರು ಹೊಸ ಬಾಟಲಿ ತೆರೆದ ದಿನವೂ ಎಚ್ಚರದಿಂದಿರಬೇಕು. ಒಂದೇ ಜಾಗದಲ್ಲಿ ಚುಚ್ಚಿ ಗಂಟುಕಟ್ಟಿದ ಚರ್ಮವನ್ನು ಬಿಟ್ಟು ಬೇರೆ ಜಾಗಕ್ಕೆ ಚುಚ್ಚತೊಡಗಿದಾಗಲೂ ಔಷಧ ಹಠಾತ್ತಾಗಿ ಹೆಚ್ಚು ಹೀರಲ್ಪಡುತ್ತದೆ.

ಪತ್ತೆ ಹಚ್ಚುವುದು ಹೇಗೆ?

ಇದಕ್ಕೆ ದುಬಾರಿ ಪರೀಕ್ಷೆಗಳ ಅಗತ್ಯವಿಲ್ಲ. ‘ಸಕ್ಕರೆ ಇಳಿಯಲಾರಂಭಿಸಿದಾಗ ನಿಮಗೆ ಗೊತ್ತಾಗುತ್ತದೆಯೇ?’ ಎಂಬ ಒಂದೇ ಪ್ರಶ್ನೆಗೆ 1ರಿಂದ 7ರವರೆಗೆ ಅಂಕ ಕೊಡುವ ವಿಧಾನವೊಂದು 1994ರಿಂದ ಬಳಕೆಯಲ್ಲಿದೆ. ಯಾವಾಗಲೂ ಗೊತ್ತಾಗುತ್ತದೆ ಎಂದರೆ 1, ಎಂದಿಗೂ ಇಲ್ಲ ಎಂದರೆ 7. ಅಂಕ 4 ಅಥವಾ ಹೆಚ್ಚಾದರೆ ಅರಿವು ಕುಂದಿದೆ ಎಂದರ್ಥ. ಮನೆಯಲ್ಲಿ ಹೀಗೆ ಗಮನಿಸಬಹುದು:

* ಗ್ಲುಕೋಮೀಟರ್ 60ಕ್ಕಿಂತ ಕಡಿಮೆ ತೋರಿಸಿದರೂ ರೋಗಿಗೆ ಏನೂ ಅನ್ನಿಸದಿರುವುದು
* ‘ನಿನಗೆ ಲೋ ಆಗಿದೆ’ ಎಂದು ರೋಗಿಗಿಂತ ಮೊದಲು ಮನೆಯವರೇ ಗುರುತಿಸುವುದು
* ಮೊದಲಿದ್ದ ನಡುಕ, ಬೆವರು ಹೋಗಿ ನೇರವಾಗಿ ಗೊಂದಲ ಕಾಣಿಸಿಕೊಳ್ಳುವುದು
* ಬೆಳಿಗ್ಗೆ ತಲೆನೋವು, ಬೆವರಿನಿಂದ ತೊಯ್ದ ಹಾಸಿಗೆ, ಕೆಟ್ಟ ಕನಸು
* ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ಪ್ರಜ್ಞೆ ತಪ್ಪಿರುವುದು

ಇವುಗಳಲ್ಲಿ ಯಾವುದೊಂದು ಇದ್ದರೂ ವೈದ್ಯರಿಗೆ ತಿಳಿಸಬೇಕು. ಚಾಲನಾ ಪರವಾನಗಿ ಹೋದೀತು, ಕೆಲಸ ಹೋದೀತು, ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆಯಿಂದ ಕುಸಿತಗಳನ್ನು ಮುಚ್ಚಿಡುವವರಿದ್ದಾರೆ. ಮುಚ್ಚಿಟ್ಟ ಕುಸಿತ ಚಿಕಿತ್ಸೆಗೆ ಸಿಗುವುದಿಲ್ಲ.

ಅರಿವನ್ನು ಮರಳಿ ಪಡೆಯುವ ಬಗೆ

ಮೂಲ ಸೂತ್ರ ಒಂದೇ: ಕೆಲವು ವಾರಗಳ ಕಾಲ ಸಕ್ಕರೆ 70ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುವುದು. ಇದಕ್ಕಾಗಿ ವೈದ್ಯರು ಸಕ್ಕರೆಯ ಗುರಿಯನ್ನು ತಾತ್ಕಾಲಿಕವಾಗಿ ಮೇಲಕ್ಕೆ ಏರಿಸುತ್ತಾರೆ, ಇನ್ಸುಲಿನ್‌ನ ಬಗೆ ಮತ್ತು ಪ್ರಮಾಣವನ್ನು ಬದಲಿಸುತ್ತಾರೆ. ರೋಗಿ ಪ್ರತಿ ಊಟಕ್ಕೆ ಮೊದಲು, ಮಲಗುವ ಮುನ್ನ ಹಾಗೂ ವಾರದಲ್ಲಿ ಕೆಲವು ದಿನವಾದರೂ ರಾತ್ರಿ ಎರಡು–ಮೂರು ಗಂಟೆಯ ನಡುವೆ ಪರೀಕ್ಷಿಸಿಕೊಳ್ಳಬೇಕು. ಹೀಗೆ ಮಾಡಿದಾಗ ಗ್ಲುಕಗಾನ್ ಕಾವಲು ಮರಳುವುದಿಲ್ಲವಾದರೂ ನಡುಕ, ಬೆವರಿನ ಎಚ್ಚರಿಕೆಗಳು ಬಹುಮಟ್ಟಿಗೆ ಹಿಂದಿರುಗುತ್ತವೆ.

ಚರ್ಮಕ್ಕೆ ಅಂಟಿಸಿಕೊಳ್ಳುವ ಸಂವೇದಕದಿಂದ ಹಗಲಿರುಳು ಸಕ್ಕರೆ ಅಳೆದು, ಇಳಿಯುವ ಮೊದಲೇ ಸದ್ದು ಮಾಡುವ ಸಾಧನಗಳು (ಸಿಜಿಎಂ) ಇಂದು ದೊರೆಯುತ್ತವೆ. ಸಕ್ಕರೆ ಇಳಿಯುತ್ತಿರುವಾಗ ತಾನೇ ಇನ್ಸುಲಿನ್ ತಗ್ಗಿಸುವ ಪಂಪುಗಳೂ ಇವೆ. ಬೆಲೆ ಬಹುಪಾಲು ಕುಟುಂಬಗಳಿಗೆ ಭಾರವೇ ಸರಿ. ಆದರೆ ಸಾಧನವಿಲ್ಲದೆ ಸಾಧ್ಯವೇ ಇಲ್ಲ ಎನ್ನಬೇಕಾಗಿಲ್ಲ. ಬ್ರಿಟನ್ನಿನಲ್ಲಿ 96 ಮಂದಿಯ ಮೇಲೆ 24 ವಾರ ನಡೆದು 2014ರಲ್ಲಿ ಪ್ರಕಟವಾದ ಹೈಪೊಕಂಪಾಸ್ ಅಧ್ಯಯನದಲ್ಲಿ ಪಂಪು ಬಳಸಿದವರಲ್ಲಿಯೂ ದಿನಕ್ಕೆ ಹಲವು ಬಾರಿ ಚುಚ್ಚಿಕೊಂಡವರಲ್ಲಿಯೂ ಅರಿವು ಒಂದೇ ರೀತಿ ಸುಧಾರಿಸಿತು. ಕುಸಿತ ತಪ್ಪಿಸುವ ತಿಳಿವಳಿಕೆ ಮತ್ತು ವೈದ್ಯರ ನಿರಂತರ ಸಂಪರ್ಕ ಎರಡೂ ಗುಂಪಿಗೆ ಸಮಾನವಾಗಿತ್ತು. ಯಾವುದಕ್ಕೂ ಬಗ್ಗದ ಕೆಲವೇ ಪ್ರಕರಣಗಳಲ್ಲಿ ದಾನಿಯ ಮೇದೋಜೀರಕ ಕೋಶಗಳನ್ನು ಕಸಿ ಮಾಡುವ ಚಿಕಿತ್ಸೆ ಇದ್ದು, ಅಮೆರಿಕ ಇದಕ್ಕೆ 2023ರಲ್ಲಿ ಅನುಮತಿ ನೀಡಿತು.

ವಾಹನ ಚಲಾಯಿಸುವವರು ಹೊರಡುವ ಮುನ್ನ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಬೇಕು. ಕುಸಿತವಾಗಿ ಸರಿಹೋದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು, ಮೆದುಳು ಪೂರ್ತಿ ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಅರಿವು ಕುಂದಿರುವವರು ಅದು ಮರಳುವವರೆಗೆ ವಾಹನ ಚಲಾಯಿಸದಿರುವುದೇ ಲೇಸು.

ಕುಸಿತವಾದಾಗ ಏನು ಮಾಡಬೇಕು?

ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ 15 ಗ್ರಾಂ ಗ್ಲುಕೋಸ್ ಪುಡಿ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ ಇನ್ನೊಮ್ಮೆ ಕೊಡಬೇಕು. ಸರಿಹೋದ ಮೇಲೆ ಊಟದ ಹೊತ್ತು ದೂರವಿದ್ದರೆ ಅನ್ನ, ರೊಟ್ಟಿ ಅಥವಾ ಬಿಸ್ಕತ್ತು ತಿನ್ನಿಸಬೇಕು. ಚಾಕೊಲೇಟು, ಹಾಲು, ಮಿಠಾಯಿಗಳಲ್ಲಿ ಕೊಬ್ಬಿನಂಶ ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ತೆಂಗಿನ ಸೀಮೆಯವರು ಎಳನೀರನ್ನು ನೆಚ್ಚುವುದು ಸಹಜ. ಆದರೆ ಅದರಲ್ಲಿ ಸಕ್ಕರೆಯ ಅಂಶ ಕಡಿಮೆ, ಕಾಯಿಯಿಂದ ಕಾಯಿಗೆ ವ್ಯತ್ಯಾಸವೂ ಇದೆ. ತುರ್ತಿಗೆ ಅದೊಂದೇ ಸಾಲದು.

ಪ್ರಜ್ಞೆ ತಪ್ಪಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ನೀರು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸುವುದು ಕಾಲಹರಣ. ರೋಗಿಯನ್ನು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಅರಸೀಕೆರೆ, ಬೇಲೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿ ರಕ್ತನಾಳದ ಮೂಲಕ ಗ್ಲುಕೋಸ್ ಕೊಟ್ಟರೆ ಹೆಚ್ಚಿನವರು ಕೆಲವೇ ನಿಮಿಷಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮನೆಯವರೇ ಕೊಡಬಹುದಾದ ಗ್ಲುಕಗಾನ್ ಚುಚ್ಚುಮದ್ದು ಸಣ್ಣ ಊರುಗಳ ಔಷಧದಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ತೀವ್ರ ಕುಸಿತದ ಅಪಾಯವಿರುವವರು ವೈದ್ಯರನ್ನು ಕೇಳಿ ಮೊದಲೇ ತರಿಸಿಟ್ಟುಕೊಳ್ಳುವುದು ಮೇಲು. ಒಮ್ಮೆ ಕುಸಿತವಾದ ಬಳಿಕ ಮುಂದಿನ ಒಂದೆರಡು ದಿನ ಹೆಚ್ಚಿನ ನಿಗಾ ಬೇಕು, ಆಗ ಎಚ್ಚರಿಕೆಯ ಲಕ್ಷಣಗಳು ಇನ್ನಷ್ಟು ಮಂಕಾಗಿರುತ್ತವೆ.

ಮನೆಯವರೇ ಎರಡನೆಯ ಗಂಟೆ

ದೇಹದ ಗಂಟೆ ಮೌನವಾದಾಗ ಜೊತೆಗಿರುವವರೇ ಆ ಕೆಲಸ ಮಾಡಬೇಕಾಗುತ್ತದೆ. ತಾಯಿ ತಂದೆ, ಗಂಡ ಹೆಂಡತಿ, ಶಾಲೆಯ ಶಿಕ್ಷಕರು, ತೋಟದ ಜೊತೆಗೆಲಸದವರು, ಬಸ್ಸಿನ ನಿರ್ವಾಹಕರು ಯಾರಾದರೂ ಸರಿ. ಕುಸಿತದಲ್ಲಿರುವ ವ್ಯಕ್ತಿ ‘ನನಗೇನೂ ಆಗಿಲ್ಲ’ ಎಂದು ಹಟ ಹಿಡಿಯಬಹುದು, ಬೈಯಬಹುದು, ಕೊಟ್ಟ ಲೋಟವನ್ನು ತಳ್ಳಬಹುದು. ಅದು ಅವನ ಗುಣವಲ್ಲ, ಸಕ್ಕರೆ ಸಿಗದ ಮೆದುಳಿನ ವರ್ತನೆ. ವಾದಕ್ಕಿಳಿಯದೆ ಸಮಾಧಾನದಿಂದ ಕುಡಿಸಬೇಕು. ರೋಗಿಯೂ ತನ್ನ ಕಾಯಿಲೆಯನ್ನು ಕನಿಷ್ಠ ಇಬ್ಬರಿಗಾದರೂ ತಿಳಿಸಿರಬೇಕು. ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣ ಮತ್ತು ‘ನನಗೆ ಟೈಪ್ 1 ಮಧುಮೇಹವಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ’ ಎಂಬ ಕನ್ನಡದ ಚೀಟಿ ಸದಾ ಇರಲಿ.

ಗ್ಲುಕೋಮೀಟರ್ 55 ತೋರಿಸಿದರೂ ಮೈಯಲ್ಲಿ ಏನೂ ಗೊತ್ತಾಗದಿದ್ದರೆ ಅದನ್ನು ಹೆಮ್ಮೆಯ ಮಾತಾಗಿಸದೆ, ಆ ವಾರವೇ ವೈದ್ಯರ ಮುಂದೆ ಹೇಳಬೇಕು.